ಆಟೋರಾಜನ ಹಿಂದಿದ್ದ ಡೈರೆಕ್ಟರ್: ಶಂಕರ್ ನಾಗ್ ಮತ್ತು ನಮ್ಮೂರಿನ ಮಾಲ್ಗುಡಿ

ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಅಲ್ಲಿಂದ ಹೊಸನಗರ ತಾಲೂಕು ದಾಟಿ, ಸಾಗರ ತಾಲೂಕಿನ ಲಿಂಗನಮಕ್ಕಿಯಲ್ಲಿ ಸ್ವಲ್ಪ ನಿಂತು, ಜೋಗದಲ್ಲಿ ಧುಮುಕಿ, ಕೊನೆಗೆ ಹೊನ್ನಾವರದ ಹತ್ತಿರ ಸಮುದ್ರ ಸೇರುತ್ತೆ. ಆ ನದಿ ಮುಗಿಯುವ ಹೊನ್ನಾವರ ತಾಲೂಕಿನಲ್ಲಿ 1954ರಲ್ಲಿ ಒಬ್ಬ ಹುಡುಗ ಹುಟ್ಟಿದ. ಮುಂಬೈಗೆ ಹೋಗಿ, ಬೆಂಗಳೂರಿಗೆ ಬಂದು, ಆಮೇಲೆ ಕ್ಯಾಮರಾ ಹೊತ್ತುಕೊಂಡು ನದಿ ಹುಟ್ಟುವ ಕಡೆಗೇ ಬಂದ. ನಮ್ಮ ತೀರ್ಥಹಳ್ಳಿ ತಾಲೂಕಿನ ಒಂದು ಬೀದಿ, ಹೊಸನಗರ ತಾಲೂಕಿನ ಒಂದು ರೈಲ್ವೆ ಸ್ಟೇಷನ್ ಇಟ್ಟುಕೊಂಡು ಇಡೀ ದೇಶ ಕೂತು ನೋಡುವಂಥ ಊರೊಂದನ್ನು ಕಟ್ಟಿದ. ಆ ಊರಿನ ಹೆಸರು ಮಾಲ್ಗುಡಿ. ಆ ಹುಡುಗನ ಹೆಸರು ಶಂಕರ್ ನಾಗರಕಟ್ಟೆ. ನಾವೆಲ್ಲ ಕರೆಯೋದು ಶಂಕರ್ ನಾಗ್, ಇನ್ನೂ ಪ್ರೀತಿ ಬಂದರೆ ಶಂಕರಣ್ಣ.

ನಮ್ಮಲ್ಲಿ ಯಾರೂ ಅವರನ್ನು ನೋಡಿಲ್ಲ. 1990ರ ಸೆಪ್ಟೆಂಬರ್ 30ಕ್ಕೆ ಅವರು ತೀರಿಕೊಂಡಾಗ ನಮ್ಮ ಅಪ್ಪ ಅಮ್ಮಂದಿರೇ ಇನ್ನೂ ಸ್ಕೂಲು, ಕಾಲೇಜಿನಲ್ಲಿದ್ದರು. ಆದರೂ ಬಸ್‌ಸ್ಟ್ಯಾಂಡಿನ ಆಟೋಗಳ ಹಿಂದೆ ಅವರ ಫೋಟೋ ಇದೆ, ರಾಜ್ಯೋತ್ಸವದ ಫ್ಲೆಕ್ಸಿನಲ್ಲಿ ಇದೆ, ನಮ್ಮ ಕ್ಲಾಸಿನ ಇಬ್ಬರು ಮೂವರ ವಾಟ್ಸಾಪ್ ಡಿಪಿಯಲ್ಲೂ ಇದೆ. ಇನ್ನು ಪರೀಕ್ಷೆ ಹತ್ತಿರ ಬಂತು ಅಂದರೆ ಅವರ ಹೆಸರಿನಲ್ಲಿ ಸ್ಟೇಟಸ್ಸುಗಳು ಶುರು. ನಿದ್ದೆ ಬಿಡು, ಎದ್ದು ದುಡಿ ಅನ್ನೋ ಅರ್ಥದ ಸಾಲುಗಳು. ಅವನ್ನು ಶಂಕರ್ ನಾಗ್ ನಿಜವಾಗಿ ಹೇಳಿದ್ದರೋ ಇಲ್ಲವೋ ಅಂತ ಯಾರೂ ಕೇಳಲ್ಲ. ನಾವು ಈ ಲೇಖನದಲ್ಲಿ ಸ್ಟೇಟಸ್ಸನ್ನು ಪಕ್ಕಕ್ಕಿಟ್ಟು, ಅವರು ಏನು ಮಾಡಿದರು ಅನ್ನೋದನ್ನು ವರ್ಷ ಹಿಡಿದು ನೋಡೋಣ ಅಂತಿದ್ದೇವೆ. ಅದರಲ್ಲೂ ಹೀರೋ ಶಂಕರ್ ನಾಗ್ ಬಗ್ಗೆ ಕಡಿಮೆ, ಡೈರೆಕ್ಟರ್ ಮತ್ತು ಬರಹಗಾರ ಶಂಕರ್ ನಾಗ್ ಬಗ್ಗೆ ಜಾಸ್ತಿ.

ಮುಂಬೈಯ ನಾಟಕದ ಹುಡುಗ

ಹುಟ್ಟಿದ ದಿನ 1954ರ ನವೆಂಬರ್ 9. ಮನೆಮಾತು ಕೊಂಕಣಿ. ಅಪ್ಪ ಸದಾನಂದ ನಾಗರಕಟ್ಟೆ, ಅಮ್ಮ ಆನಂದಿ. ಅಕ್ಕ ಶ್ಯಾಮಲಾ, ಅಣ್ಣ ಅನಂತ್. ಈ ಅನಂತ್ ಅಂದರೆ ನಮಗೆಲ್ಲ ಗೊತ್ತಿರುವ ಅನಂತ್ ನಾಗ್, ಶಂಕರ್‌ಗಿಂತ ಆರು ವರ್ಷ ದೊಡ್ಡವರು. ಕರಾವಳಿಯ ಬಹಳಷ್ಟು ಮನೆಗಳ ಮಕ್ಕಳಂತೆ ಅಣ್ಣ ತಮ್ಮ ಇಬ್ಬರೂ ಮುಂಬೈ ಸೇರಿದರು. ಅಲ್ಲಿ ಶಂಕರ್‌ಗೆ ಹತ್ತಿದ್ದು ಮರಾಠಿ ರಂಗಭೂಮಿಯ ಹುಚ್ಚು. ನಟನೆ ಮಾತ್ರ ಕಲಿತು ಸುಮ್ಮನಾಗಲಿಲ್ಲ. ನಾಟಕ ಅಂದರೆ ಬರೆಯೋದು, ಸೆಟ್ ಕಟ್ಟೋದು, ಲೈಟ್ ಹಿಡಿಯೋದು, ಟಿಕೆಟ್ ಮಾರೋದು ಎಲ್ಲಾ ಸೇರಿದ್ದು. ಯಾವ ಭಾಗ ಕೈಕೊಟ್ಟರೂ ಶೋ ನಿಂತುಹೋಗುತ್ತೆ. ಮುಂದೆ ಮದುವೆಯಾದ ಅರುಂಧತಿ ಅವರೂ ಅಲ್ಲೇ ನಾಟಕದಲ್ಲೇ ಸಿಕ್ಕವರು.

ಅವರ ಸಿನಿಮಾ ಬದುಕಿನ ಶುರುವಿನಲ್ಲೇ ಬರವಣಿಗೆ ಇದೆ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನಚಿಕೇತ್ ಮತ್ತು ಜಯೂ ಪಟವರ್ಧನ್ ನಿರ್ದೇಶಿಸಿದ '22 ಜೂನ್ 1897' ಅನ್ನೋ ಮರಾಠಿ ಚಿತ್ರ 1979ರಲ್ಲಿ ಬಂತು. ಪುಣೆಯಲ್ಲಿ ಪ್ಲೇಗ್ ಬಂದಾಗ ದಬ್ಬಾಳಿಕೆ ಮಾಡಿದ ರ‍್ಯಾಂಡ್ ಅನ್ನೋ ಬ್ರಿಟಿಷ್ ಅಧಿಕಾರಿಯನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದ ಕಥೆ ಅದು. ಅದರ ಚಿತ್ರಕಥೆಯಲ್ಲಿ ಶಂಕರ್ ನಾಗ್ ಪಾಲಿದೆ. ಆಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಎಲ್ಲರಿಗೂ ಗೊತ್ತಿರುವ ಇತಿಹಾಸದಲ್ಲಿ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಅನ್ನೋ ಲೆಕ್ಕಾಚಾರ ಅಲ್ಲೇ ಕಲಿತಿರಬೇಕು.

ಕನ್ನಡಕ್ಕೆ ಅವರನ್ನು ತಂದದ್ದು ಗಿರೀಶ್ ಕಾರ್ನಾಡ್. 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರದಲ್ಲಿ ಶಂಕರ್ ಗಂಡುಗಲಿ ಅನ್ನೋ ಬಾಡಿಗೆ ಸೈನಿಕ. ಜಪಾನಿನ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಛಾಯೆ ಇರುವ ಸಿನಿಮಾ ಅದು. ದೊಡ್ಡ ರಾಜರು, ದೊಡ್ಡ ಯುದ್ಧ ಇಲ್ಲ. ಸಣ್ಣ ಪಾಳೆಯಗಾರರ ಜಗಳ, ಕೆಸರು, ಕತ್ತಿ, ದುಡ್ಡಿಗೆ ಹೊಡೆದಾಡುವ ಗಂಡಸರು. ಆ ಪಾತ್ರಕ್ಕೆ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಕನ್ನಡದ ಮೊದಲ ಚಿತ್ರಕ್ಕೇ ಅಂಥ ಪ್ರಶಸ್ತಿ ಸಿಕ್ಕಿದ ಮೇಲೆ ಬೇರೆಯವರಾಗಿದ್ದರೆ ವರ್ಷಕ್ಕೊಂದು ಗಂಭೀರ ಸಿನಿಮಾ ಮಾಡಿಕೊಂಡು ಇರುತ್ತಿದ್ದರೇನೋ. ಇವರ ದಾರಿ ಬೇರೆಯೇ ಆಯ್ತು.

ಒಬ್ಬರಲ್ಲೇ ಇಬ್ಬರು

1979ರಲ್ಲಿ 'ಸೀತಾರಾಮು', 1980ರಲ್ಲಿ 'ಆಟೋರಾಜ'. ಅಲ್ಲಿಂದ ಶಂಕರ್ ನಾಗ್ ಮಾಸ್ ಹೀರೋ. ಕರಾಟೆ ಕಿಂಗ್ ಅನ್ನೋ ಬಿರುದು, ಆಟೋ ಓಡಿಸುವವರ ಪ್ರೀತಿ, ಮುಂದೆ 'ಸಾಂಗ್ಲಿಯಾನ' ಪೊಲೀಸ್ ವೇಷ. 1978ರಿಂದ 1990, ಅಂದರೆ 12 ವರ್ಷದಲ್ಲಿ ಸುಮಾರು 80 ಚಿತ್ರಗಳು. ಭಾಗಾಕಾರ ಮಾಡಿದರೆ ವರ್ಷಕ್ಕೆ ಆರಕ್ಕಿಂತ ಜಾಸ್ತಿ. ಅಂದರೆ ಎರಡು ತಿಂಗಳಿಗೊಂದು ಸಿನಿಮಾ. ನಮಗೆ ಒಂದು ಸೆಮಿಸ್ಟರಿನಲ್ಲಿ ಒಂದು ಮಿನಿ ಪ್ರಾಜೆಕ್ಟ್ ಮುಗಿಸೋಕೆ ಉಸಿರು ಹೋಗಿರುತ್ತೆ.

ಈ 80ರಲ್ಲಿ ಎಲ್ಲವೂ ಚೆನ್ನಾಗಿವೆ ಅಂತ ಅವರ ಪಕ್ಕಾ ಅಭಿಮಾನಿಗಳೂ ಹೇಳಲ್ಲ. ಕೆಲವು ಬರೀ ಫೈಟು, ಹಾಡು, ತಾಯಿ ಸೆಂಟಿಮೆಂಟು. ಆದರೆ ಈ ಚಿತ್ರಗಳ ಸಂಪಾದನೆಯಿಂದಲೇ ಇನ್ನೊಬ್ಬ ಶಂಕರ್ ನಾಗ್ ಬದುಕಿದ್ದು. ಹಗಲು ಬೇರೆಯವರ ಸಿನಿಮಾದಲ್ಲಿ ಹೊಡೆದಾಡಿ ಬಂದು, ಆ ದುಡ್ಡನ್ನು ತಮ್ಮ ನಾಟಕಕ್ಕೆ, ತಮ್ಮ ಸಿನಿಮಾಕ್ಕೆ ಹಾಕುತ್ತಿದ್ದರು. ಬೆಂಗಳೂರಿಗೆ ಬಂದ ಮೇಲೂ ನಾಟಕ ಬಿಡಲಿಲ್ಲ. 'ಸಂಕೇತ್' ಅನ್ನೋ ತಂಡ ಕಟ್ಟಿ ಕನ್ನಡದಲ್ಲಿ ನಾಟಕ ಆಡಿಸಿದರು. ಸ್ಟಾರ್ ಆದವರು ಸಂಜೆ ರಿಹರ್ಸಲ್‌ಗೆ ಹೋಗಿ ಕೂರುವುದು ಆಗಲೂ ಅಪರೂಪ, ಈಗಲೂ ಅಪರೂಪ.

ಡೈರೆಕ್ಟರ್ ಆಗಿ ಮೊದಲ ಚಿತ್ರ 1980ರ 'ಮಿಂಚಿನ ಓಟ'. ವಯಸ್ಸು 25. ಕಾರು ಕದಿಯುವ ಇಬ್ಬರು ಹುಡುಗರು, ಜೊತೆಗೊಬ್ಬ ತಾತ. ಅನಂತ್ ನಾಗ್, ಶಂಕರ್ ನಾಗ್, ಲೋಕನಾಥ್ ಮೂವರೂ ಸೇರಿ ನಮ್ಮನ್ನು ಕಳ್ಳರ ಪಕ್ಷಕ್ಕೆ ಎಳೆದುಬಿಡುತ್ತಾರೆ. ನೀತಿ ಪಾಠ ಹೇಳಲ್ಲ, ಕಳ್ಳತನವನ್ನು ಹೊಗಳೋದೂ ಇಲ್ಲ. ಓಡುವವರ ಜೊತೆ ಓಡುತ್ತಾ ಇದು ಎಲ್ಲಿಗೆ ಹೋಗಿ ನಿಲ್ಲುತ್ತೆ ಅನ್ನೋ ಭಯ ನಮಗೇ ಶುರುವಾಗುತ್ತೆ. ರಾಜ್ಯ ಪ್ರಶಸ್ತಿಗಳು ಸಾಲಾಗಿ ಬಂದವು. ಈಗ ನೋಡಿದರೂ ಎಡಿಟಿಂಗ್ ಹಳೇದು ಅನ್ನಿಸಲ್ಲ. ನಮ್ಮ ಹಾಸ್ಟೆಲಿನಲ್ಲಿ ಹಳೇ ಕನ್ನಡ ಸಿನಿಮಾ ಅಂದರೆ ಮೂಗು ಮುರಿಯುವವರಿಗೂ ಧೈರ್ಯವಾಗಿ ತೋರಿಸಬಹುದು.

ಅದೇ ವರ್ಷ 'ಜನ್ಮ ಜನ್ಮದ ಅನುಬಂಧ', ಮರುವರ್ಷ 'ಗೀತಾ'. ಎರಡಕ್ಕೂ ಇಳಯರಾಜ ಸಂಗೀತ. 'ಗೀತಾ'ದ ಹಾಡುಗಳು ಇವತ್ತಿಗೂ ನಮ್ಮ ಫೆಸ್ಟಿನ ಸ್ಟೇಜಿನ ಮೇಲೆ ಬಂದೇ ಬರುತ್ತವೆ. ಆದರೆ ಸಿನಿಮಾ ನೋಡಿದವರು ಕಡಿಮೆ. ರಕ್ತದ ಕ್ಯಾನ್ಸರ್ ಬಂದ ಹುಡುಗಿಯ ಪ್ರೇಮಕಥೆ ಅದು. 1983ರಲ್ಲಿ 'ನೋಡಿ ಸ್ವಾಮಿ ನಾವಿರೋದು ಹೀಗೆ' ಬಂತು. ಅವರದೇ ತಂಡ ಆಡುತ್ತಿದ್ದ ನಾಟಕವನ್ನು ಸಿನಿಮಾ ಮಾಡಿದ್ದು. ಕಳ್ಳರ ಕಥೆ, ಕಣ್ಣೀರಿನ ಪ್ರೇಮ, ನಗಿಸುವ ನಾಟಕ, ಮೂರಕ್ಕೂ ಸಂಬಂಧವೇ ಇಲ್ಲ. ಒಂದು ಗೆದ್ದ ಕೂಡಲೇ ಅದೇ ಅಚ್ಚಿನಲ್ಲಿ ಇನ್ನೊಂದು ಎರೆಯುವ ಅಭ್ಯಾಸ ಅವರಿಗೆ ಇರಲಿಲ್ಲ. ಬದಲಾಗದೆ ಇದ್ದದ್ದು ಜೊತೆಗಿದ್ದ ಜನ. ಅಣ್ಣ ಅನಂತ್, ಹೆಂಡತಿ ಅರುಂಧತಿ, ಗೆಳೆಯ ರಮೇಶ್ ಭಟ್, ಇವರೆಲ್ಲ ಮತ್ತೆ ಮತ್ತೆ ಬರುತ್ತಾರೆ.

1985ರ 'ಆಕ್ಸಿಡೆಂಟ್' ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ನಶೆಯಲ್ಲಿರುವ ರಾಜಕಾರಣಿಯ ಮಗ ರಾತ್ರಿ ಕಾರು ಓಡಿಸಿ, ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹತ್ತಿಸುತ್ತಾನೆ. ಅಪ್ಪ ಅದನ್ನು ಮುಚ್ಚಿಹಾಕಲು ನೋಡುತ್ತಾನೆ. ಅಪ್ಪನಾಗಿ ಅನಂತ್ ನಾಗ್, ಸತ್ಯದ ಬೆನ್ನು ಹತ್ತುವ ಪತ್ರಕರ್ತನಾಗಿ ಶಂಕರ್. ಈ ಥರದ ಸುದ್ದಿ ನಾವು ಇವತ್ತು ಫೋನಿನಲ್ಲಿ ಎಷ್ಟು ಸಲ ಓದಿಲ್ಲ? ನಗರ ಬೇರೆ, ಕಾರಿನ ಕಂಪನಿ ಬೇರೆ, ಉಳಿದದ್ದೆಲ್ಲ ಅದೇ. ಸಾಮಾಜಿಕ ಸಮಸ್ಯೆ ಕುರಿತ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಅದಕ್ಕೆ ಸಿಕ್ಕಿತು. ಆಟೋರಾಜನಾಗಿ ಚಪ್ಪಾಳೆ ತಗೊಂಡ ಮನುಷ್ಯ, ತನ್ನದೇ ಸಿನಿಮಾ ಮಾಡುವಾಗ ರಸ್ತೆಬದಿ ಮಲಗುವವರ ಕಡೆ ಕ್ಯಾಮರಾ ತಿರುಗಿಸಿದ್ದು ನಮಗೆ ಮುಖ್ಯ ಅನ್ನಿಸುತ್ತೆ.

ಆಗುಂಬೆಗೆ ಬಂದ ಮಾಲ್ಗುಡಿ

ಈಗ ನಮ್ಮೂರಿನ ಕಡೆ ಬರೋಣ. ಆರ್. ಕೆ. ನಾರಾಯಣ್ ಮೈಸೂರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದ ಊರು ಮಾಲ್ಗುಡಿ. 'ಸ್ವಾಮಿ ಆ್ಯಂಡ್ ಫ್ರೆಂಡ್ಸ್' ಪುಸ್ತಕ 1935ರಲ್ಲಿ ಬಂತು. ಆ ಊರು ಯಾವ ಮ್ಯಾಪಿನಲ್ಲೂ ಇಲ್ಲ. ಅವರ ಕಾದಂಬರಿ 'ಗೈಡ್' 1965ರಲ್ಲಿ ಹಿಂದಿ ಸಿನಿಮಾ ಆದಾಗ ಕಥೆಯನ್ನು ರಾಜಸ್ಥಾನಕ್ಕೆ ಒಯ್ದುಬಿಟ್ಟರು. ಸಿನಿಮಾ ಹಿಟ್ ಆಯ್ತು, ಆದರೆ ನಾರಾಯಣ್ ಅವರಿಗೆ ಬಹಳ ಬೇಜಾರಾಗಿ ಅದರ ಮೇಲೆ ಒಂದು ಪ್ರಬಂಧವನ್ನೇ ಬರೆದರು. ತನ್ನ ಸಣ್ಣ ಊರನ್ನು ದೊಡ್ಡ ಅರಮನೆ, ಬಣ್ಣದ ಮೆರವಣಿಗೆಯಲ್ಲಿ ಮುಳುಗಿಸಿದರು ಅನ್ನೋದು ಅವರ ನೋವು. ಸುಮಾರು 20 ವರ್ಷ ಆದ ಮೇಲೆ ನಿರ್ಮಾಪಕ ಟಿ. ಎಸ್. ನರಸಿಂಹನ್ ಆ ಕಥೆಗಳನ್ನು ದೂರದರ್ಶನಕ್ಕೆ ಮಾಡಲು ಹೊರಟಾಗ ಡೈರೆಕ್ಟರ್ ಆಗಿ ಬಂದವರು ಶಂಕರ್ ನಾಗ್. ಹಾಗಾಗಿ ಮೊದಲ ಪ್ರಶ್ನೆಯೇ ಊರಿನದು. ಎಲ್ಲಿ ಕಟ್ಟೋದು?

ಶಂಕರ್ ನಾಗ್ ಆರಿಸಿದ್ದು ತೀರ್ಥಹಳ್ಳಿ ತಾಲೂಕಿನ ಆಗುಂಬೆ. ನಾವು ಸನ್‌ಸೆಟ್ ಪಾಯಿಂಟಿಗೆ ಅಂತ ಬೈಕ್ ತಗೊಂಡು ಹೋಗುವ ಅದೇ ಆಗುಂಬೆ. ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮಳೆಗಾಲದಲ್ಲಿ ಕ್ಯಾಮರಾ ಹೊರಗೆ ತೆಗೆಯೋದೇ ಕಷ್ಟ. ಶೂಟಿಂಗ್ ಅನುಕೂಲ ನೋಡಿದರೆ ಯಾರೂ ಆರಿಸುವ ಜಾಗ ಅಲ್ಲ. ಆದರೆ ಅಲ್ಲಿ ಬೇಕಾದ್ದೆಲ್ಲ ಮೊದಲೇ ಇತ್ತು. ಹೆಂಚಿನ ಮನೆಗಳ ಸಾಲು, ಮರದ ಕಂಬ, ಜಗಲಿ, ಒಳಗೆ ಅಂಗಳ. ಅಲ್ಲಿನ ನೂರು ವರ್ಷಕ್ಕಿಂತ ಹಳೆಯ ದೊಡ್ಡ ಮನೆ ಸ್ವಾಮಿಯ ಮನೆಯಾಯ್ತು. ಕಲಾ ನಿರ್ದೇಶಕ ಜಾನ್ ದೇವರಾಜ್ ಇದ್ದ ಬೀದಿಗೆ ಬೋರ್ಡು, ಅಂಗಡಿ ಜೋಡಿಸಿ 1930ರ ದಶಕದ ಪೇಟೆ ಮಾಡಿದರು. ಎಸ್. ರಾಮಚಂದ್ರ ಕ್ಯಾಮರಾ ಹಿಡಿದರು. ಆಗುಂಬೆಯ ಜನ ಗುಂಪಿನ ದೃಶ್ಯಗಳಲ್ಲಿ ತಾವೇ ಮಾಲ್ಗುಡಿಯ ಜನ ಆದರು. ಸೊನ್ನೆಯಿಂದ ಸೆಟ್ ಹಾಕುವ ಬದಲು, ಇರುವ ಊರನ್ನು ಓದಿ, ಬೇಕಾದಷ್ಟೇ ಸೇರಿಸುವ ಕೆಲಸ. ಒಳ್ಳೆ ಡಿಸೈನ್ ಅಂದರೆ ಇದೇ ಅಲ್ವಾ?

ಇನ್ನೊಂದು ವಿಷಯ ನಮಗೆ ತುಂಬಾ ಹತ್ತಿರ ಅನ್ನಿಸಿದ್ದು ಭಾಷೆ. ಕಥೆ ಬರೆದದ್ದು ಇಂಗ್ಲಿಷಿನಲ್ಲಿ. ಪಾತ್ರಗಳು ಮಾತಾಡೋದು ಹಿಂದಿಯಲ್ಲಿ, ಮೊದಲ ಕಂತುಗಳನ್ನು ಇಂಗ್ಲಿಷಿನಲ್ಲೂ ಮಾಡಿದ್ದರು. ಆದರೆ ಕಾಣೋದೆಲ್ಲ ಮಲೆನಾಡು. ಬಾಗಿಲು, ಬಾವಿ, ಅಡಿಕೆ ಮರ, ಮಳೆ ನಿಂತ ಮೇಲಿನ ಬೆಳಕು, ಎಲ್ಲಾ ನಮ್ಮದು. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಮ್ಮಿನವರು. ಸ್ವಾಮಿಯ ಕಥೆಯನ್ನು ಇಂಗ್ಲಿಷ್ ಪಾಠವಾಗಿ ಓದಿ, ಪ್ರಶ್ನೋತ್ತರ ಬರೆದು ಬಿಟ್ಟವರು. ಪುಸ್ತಕದಲ್ಲಿ ಅದು ಎಲ್ಲೋ ದೂರದ ಊರು ಅನ್ನಿಸಿತ್ತು. ಸೀರಿಯಲ್ಲಿನಲ್ಲಿ ನೋಡಿದಾಗ ಅಜ್ಜನ ಮನೆ ಥರ ಕಾಣುತ್ತೆ. ಭಾಷೆ ಬೇರೆಯಾದರೂ ಜಾಗ ತನ್ನ ಮಾತು ತಾನೇ ಆಡಿಬಿಡುತ್ತೆ.

ಒಂದು ಉದಾಹರಣೆ. ಕಾದಂಬರಿಯಲ್ಲಿ ಅಪ್ಪ ಸ್ವಾಮಿಗೆ ಮಾವಿನ ಹಣ್ಣಿನ ಒಂದು ಲೆಕ್ಕ ಕೊಡುತ್ತಾರೆ. ಇಷ್ಟು ಹಣ್ಣಿಗೆ ಇಷ್ಟು ಬೆಲೆಯಾದರೆ ಅಷ್ಟಕ್ಕೆ ಎಷ್ಟು ಅನ್ನೋ ಥರದ್ದು. ಸ್ವಾಮಿಗೆ ಹುಟ್ಟುವ ಡೌಟು ಏನು ಗೊತ್ತಾ? ಆ ಮಾವು ಹಣ್ಣಾಗಿದೆಯೋ, ಕಾಯಿಯೋ ಅಂತ. ಲೆಕ್ಕದ ದೃಷ್ಟಿಯಲ್ಲಿ ಅದು ಬೇಡದ ಮಾಹಿತಿ. ಸ್ವಾಮಿಗೆ ಮಾತ್ರ ಅದು ಗೊತ್ತಾಗದೆ ಬೆಲೆ ಹೇಳೋದು ಹೇಗೆ? ಪುಸ್ತಕದಲ್ಲಿ ಇಂಥದ್ದನ್ನು ಲೇಖಕ ಹುಡುಗನ ತಲೆಯೊಳಗೆ ಕೂತು ಹೇಳಬಹುದು. ಪರದೆಯ ಮೇಲೆ ತಲೆಯ ಒಳಗೆ ಹೋಗೋಕೆ ಆಗಲ್ಲ. ಮುಖ, ಮೌನ, ಒಂದು ನೋಟ, ಇಷ್ಟರಲ್ಲೇ ಹೇಳಬೇಕು. ಶಂಕರ್ ನಾಗ್ ಅದಕ್ಕೆ ಸರಿಯಾದ ಮುಖಗಳನ್ನು ತಂದರು. ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಎಂಟು ವರ್ಷದ ಹಿಂದೆ ತನ್ನನ್ನು ಕನ್ನಡಕ್ಕೆ ತಂದ ಡೈರೆಕ್ಟರನ್ನೇ ಈಗ ತನ್ನ ಕ್ಯಾಮರಾ ಮುಂದೆ ಕೂರಿಸಿಕೊಂಡಿದ್ದರು.

ನಾರಾಯಣ್ ಅವರ ಮನಸ್ಸಿನಲ್ಲಿ ಮಾಲ್ಗುಡಿ ಮೊದಲು ಮೂಡಿದ್ದು ಊರಾಗಿ ಅಲ್ಲ, ರೈಲು ಬಂದು ನಿಲ್ಲುವ ಒಂದು ಸಣ್ಣ ಸ್ಟೇಷನ್ ಆಗಿ. ಸ್ವಾಮಿಯ ಗೆಳೆಯ ರಾಜಂ ಊರು ಬಿಟ್ಟು ಹೋಗುವ ಕೊನೆಯೂ ಸ್ಟೇಷನ್ನಿನಲ್ಲೇ. ಹಾಗಾಗಿ ಸ್ಟೇಷನ್ ಇಲ್ಲದ ಮಾಲ್ಗುಡಿ ಮಾಲ್ಗುಡಿಯೇ ಅಲ್ಲ. ಆಗುಂಬೆಯಲ್ಲಿ ರೈಲಿಲ್ಲ, ಇವತ್ತಿಗೂ ಇಲ್ಲ. ತಂಡ ಹೋಗಿದ್ದು ಹೊಸನಗರ ತಾಲೂಕಿನ ಅರಸಾಳಿಗೆ. ಶಿವಮೊಗ್ಗದಿಂದ ಸಾಗರದ ಮೇಲೆ ತಾಳಗುಪ್ಪಕ್ಕೆ ಹೋಗುವ ಲೈನಿನಲ್ಲಿ, ಕಾಡಿನ ನಡುವೆ ಇರುವ ಪುಟ್ಟ ಸ್ಟೇಷನ್. ಆಗಿನ್ನೂ ಮೀಟರ್‌ಗೇಜ್. ದಿನಕ್ಕೆ ಕೆಲವೇ ರೈಲು. ಶೂಟಿಂಗಿಗೆ ಅದಕ್ಕಿಂತ ಶಾಂತ ಪ್ಲಾಟ್‌ಫಾರ್ಮ್ ಬೇಕಾ? ಹೀಗೆ ತೀರ್ಥಹಳ್ಳಿ ತಾಲೂಕಿನ ಮನೆಯಿಂದ ಹೊರಟ ಪಾತ್ರ ಹೊಸನಗರ ತಾಲೂಕಿನಲ್ಲಿ ರೈಲು ಹತ್ತುತ್ತೆ. ನೋಡುವವರಿಗೆ ಅದು ಒಂದೇ ಊರು.

ಈ ಲೈನಿನಲ್ಲಿ ಸ್ವಲ್ಪ ಮುಂದೆ ಹೋದರೆ ಸಾಗರ, ಅದರ ಪಕ್ಕದಲ್ಲಿ ಹೆಗ್ಗೋಡು. ಅದೇ ವರ್ಷಗಳಲ್ಲಿ ಅಲ್ಲಿ ಕೆ. ವಿ. ಸುಬ್ಬಣ್ಣ ನೀನಾಸಂ ಚಿತ್ರಸಮಾಜದಿಂದ ಹಳ್ಳಿ ಜನಕ್ಕೆ ಜಗತ್ತಿನ ಸಿನಿಮಾಗಳನ್ನು ತೋರಿಸುತ್ತಿದ್ದರು. ತೀರ್ಥಹಳ್ಳಿ ಕಡೆಯ ಗಿರೀಶ್ ಕಾಸರವಳ್ಳಿ 1977ರಲ್ಲೇ 'ಘಟಶ್ರಾದ್ಧ' ಮಾಡಿ ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ತಂದಿದ್ದರು. ಇದನ್ನು ಯಾಕೆ ಹೇಳ್ತಿದ್ದೇವೆ ಅಂದರೆ, ಆ ಕಾಲದ ಮಲೆನಾಡು ಬರೀ ಲೊಕೇಶನ್ ಆಗಿರಲಿಲ್ಲ. ಸಿನಿಮಾ ಮಾಡುವವರು, ಗಂಭೀರವಾಗಿ ನೋಡುವವರು ಇಲ್ಲೇ ಇದ್ದರು. ಮಾಲ್ಗುಡಿ ಅಂಥ ನೆಲದಲ್ಲಿ ಇಳಿಯಿತು.

ಸೀರಿಯಲ್ 1986-87ರ ಸುಮಾರಿಗೆ ಪ್ರಸಾರವಾಯ್ತು. ಶಂಕರ್ ನಾಗ್ ನಿರ್ದೇಶಿಸಿದ್ದು 39 ಕಂತು. ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರ, ಎಲ್. ವೈದ್ಯನಾಥನ್ ಅವರ ಟೈಟಲ್ ಟ್ಯೂನ್. ಆ ಟ್ಯೂನನ್ನು ರಿಂಗ್‌ಟೋನ್ ಮಾಡಿಕೊಂಡವರು ಈಗಲೂ ಇದ್ದಾರೆ. 'ಗೈಡ್' ಸಿನಿಮಾ ಬಗ್ಗೆ ಅಷ್ಟು ಬೇಜಾರಾಗಿದ್ದ ನಾರಾಯಣ್ ಅವರಿಗೆ ಇದು ಇಷ್ಟವಾಯ್ತು. ಯಾಕೆ ಅಂತ ಊಹಿಸೋದು ಕಷ್ಟ ಅಲ್ಲ. ಇಲ್ಲಿ ಯಾರೂ ಊರನ್ನು ದೊಡ್ಡದು ಮಾಡಲು ಹೋಗಲಿಲ್ಲ. ಸಣ್ಣ ಊರು ಸಣ್ಣದಾಗಿಯೇ ಉಳಿಯಿತು.

ಲೆಕ್ಕಕ್ಕೆ ಸಿಗದ ವೇಗ

ಮಾಲ್ಗುಡಿ ಮುಗಿಸಿ ಉಸಿರು ತಗೊಂಡರಾ? ಇಲ್ಲ. 1987ರಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಇಟ್ಟುಕೊಂಡು 'ಒಂದು ಮುತ್ತಿನ ಕಥೆ' ಮಾಡಿದರು. ಅಮೆರಿಕದ ಜಾನ್ ಸ್ಟೈನ್‌ಬೆಕ್ ಬರೆದ 'ದಿ ಪರ್ಲ್' ಕಾದಂಬರಿ ಅದಕ್ಕೆ ಆಧಾರ. ಮುತ್ತಿಗಾಗಿ ಸಮುದ್ರಕ್ಕೆ ಇಳಿಯುವವನ ಕಥೆ, ಹಾಗಾಗಿ ನೀರಿನಡಿಯ ದೃಶ್ಯಗಳು ಬೇಕಿದ್ದವು. ಆ ಕಾಲದ ಕನ್ನಡ ಸಿನಿಮಾಕ್ಕೆ ಅದು ಸಣ್ಣ ಸಾಹಸ ಅಲ್ಲ. ಜನ ಮಾತ್ರ ಅಂದುಕೊಂಡಷ್ಟು ಬರಲಿಲ್ಲ. ನಾಡಿನ ದೊಡ್ಡ ಸ್ಟಾರ್ ಸಿಕ್ಕಾಗಲೂ ಸೇಫ್ ಆಟ ಆಡದೆ ಸೋಲೋದಕ್ಕೂ ತಯಾರಿದ್ದರು ಅನ್ನೋದನ್ನು ಈ ಚಿತ್ರ ತೋರಿಸುತ್ತೆ.

ಜೊತೆಗೆ ನಮ್ಮಂಥ ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಕಿವಿ ನೆಟ್ಟಗಾಗುವ ವಿಷಯಗಳಿವೆ. ಆಗ ಕನ್ನಡ ಸಿನಿಮಾದ ರೆಕಾರ್ಡಿಂಗ್ ಕೆಲಸಕ್ಕೆ ಮದ್ರಾಸಿಗೆ ಓಡಬೇಕಿತ್ತು. ಶಂಕರ್ ಬೆಂಗಳೂರಿನಲ್ಲೇ 'ಸಂಕೇತ್ ಎಲೆಕ್ಟ್ರಾನಿಕ್ಸ್' ಅನ್ನೋ ರೆಕಾರ್ಡಿಂಗ್ ಸ್ಟುಡಿಯೋ ಮಾಡಿದರು. ಬೆಂಗಳೂರಿಗೆ ಮೆಟ್ರೋ ರೈಲು, ನಂದಿಬೆಟ್ಟಕ್ಕೆ ರೋಪ್‌ವೇ, ಬಡವರಿಗೆ ಕಡಿಮೆ ಖರ್ಚಿನಲ್ಲಿ ಬೇಗ ಕಟ್ಟುವ ಮನೆ, ಇವುಗಳ ಹಿಂದೆಯೂ ಬಿದ್ದಿದ್ದರು. ನಮ್ಮ ಮೆಟ್ರೋದ ಮೊದಲ ರೈಲು ಓಡಿದ್ದು 2011ರ ಅಕ್ಟೋಬರಿನಲ್ಲಿ. ಅವರು ಹೋಗಿ 21 ವರ್ಷ ಆಗಿತ್ತು.

1990ರ ಸೆಪ್ಟೆಂಬರ್ 30. 'ಜೋಕುಮಾರಸ್ವಾಮಿ' ಚಿತ್ರದ ಶೂಟಿಂಗಿಗೆ ಉತ್ತರ ಕರ್ನಾಟಕದ ಲೋಕಾಪುರಕ್ಕೆ ಕಾರಿನಲ್ಲಿ ಹೊರಟಿದ್ದರು. ಜೊತೆಗೆ ಅರುಂಧತಿ ಮತ್ತು ಪುಟ್ಟ ಮಗಳು ಇದ್ದರು. ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಲಾರಿಗೆ ಡಿಕ್ಕಿಯಾಯ್ತು. ಹೆಂಡತಿ, ಮಗಳು ಗಾಯಗೊಂಡು ಉಳಿದರು. ಶಂಕರ್ ನಾಗ್ ಉಳಿಯಲಿಲ್ಲ. 36 ತುಂಬೋಕೆ ಇನ್ನೂ 40 ದಿನ ಇತ್ತು. 'ಆಕ್ಸಿಡೆಂಟ್' ಅನ್ನೋ ಸಿನಿಮಾ ಮಾಡಿ ಐದೇ ವರ್ಷ ಆಗಿತ್ತು.

ಇಲ್ಲಿಗೆ ಬಂದಾಗ ನಮಗೆ ಆ ಸ್ಟೇಟಸ್ ಸಾಲುಗಳು ಚುಚ್ಚುತ್ತವೆ. ಅವರು ಕಡಿಮೆ ನಿದ್ದೆ ಮಾಡುತ್ತಿದ್ದರು, ಒಂದು ಶೂಟಿಂಗಿನಿಂದ ಇನ್ನೊಂದಕ್ಕೆ ಓಡುತ್ತಿದ್ದರು ಅಂತ ಜೊತೆಗಿದ್ದವರು ನೆನೆಸಿಕೊಳ್ಳುತ್ತಾರೆ. ನಿಜ ಇರಬಹುದು. ಆದರೆ ಸಾಧನೆಗೆ ಕಾರಣ ನಿದ್ದೆ ಬಿಟ್ಟದ್ದು ಅಂತ ನಾವು ತೀರ್ಮಾನ ಮಾಡೋದು ತಪ್ಪು ಲೆಕ್ಕ. ಓಡುತ್ತಾ ಓಡುತ್ತಾ ಮಾಡಿದ 80 ಚಿತ್ರಗಳಲ್ಲಿ ಹೆಚ್ಚಿನವುಗಳ ಹೆಸರು ಕೂಡ ನಮಗೆ ಬರಲ್ಲ. ನಿಂತು ಮಾಡಿದ್ದು ಉಳಿದಿದೆ. ಆಗುಂಬೆಯಲ್ಲಿ ಮಳೆ, ಬೆಳಕು, ಮಕ್ಕಳ ಮೂಡು ಎಲ್ಲಾ ಕಾಯಲೇಬೇಕಿತ್ತು. ಕಾದು ಮಾಡಿದ ಆ 39 ಕಂತನ್ನು ಅವರನ್ನು ಕಂಡೇ ಇಲ್ಲದ ನಾವು ಇವತ್ತು ಕೂತು ನೋಡ್ತಿದ್ದೇವೆ. ರಾತ್ರಿಯಿಡೀ ಓದಿ ಬೆಳಗ್ಗೆ ಪರೀಕ್ಷೆಗೆ ಹೋಗುವವರು, ರಾತ್ರಿ ಹನ್ನೊಂದಕ್ಕೆ ಬೈಕ್ ಹತ್ತಿ ಆಗುಂಬೆ ಘಾಟಿಯ 14 ತಿರುವು ಇಳಿಯುವವರು, ಎರಡೂ ಥರದವರು ನಮ್ಮಲ್ಲಿದ್ದಾರೆ. ಅವರಿಗೆಲ್ಲ ಶಂಕರಣ್ಣನ ಹೆಸರಿನಲ್ಲಿ ಇನ್ನೂ ಜೋರಾಗಿ ಓಡು ಅನ್ನೋಕೆ ನಮಗೆ ಮನಸ್ಸು ಬರಲ್ಲ. ಆ ಓಟದ ಬೆಲೆ ಎಷ್ಟು ಅಂತ ಆನಗೋಡು ತೋರಿಸಿದೆ. 35 ವರ್ಷದ ಡೈರೆಕ್ಟರ್ ಇನ್ನೂ 30 ವರ್ಷ ಬದುಕಿದ್ದರೆ ಕನ್ನಡಕ್ಕೆ ಏನೇನು ಸಿಗುತ್ತಿತ್ತು ಅಂತ ಯೋಚಿಸಿ ನೋಡಿ.

ಅವರು ಹೋದ ಮೇಲೆ ಅರುಂಧತಿ ನಾಗ್ ಬಿಟ್ಟುಕೊಡಲಿಲ್ಲ. ಒಳ್ಳೆ ನಾಟಕ ಮಂದಿರ ಬೇಕು ಅನ್ನೋದು ಇಬ್ಬರ ಕನಸಾಗಿತ್ತು. ಹದಿನಾಲ್ಕು ವರ್ಷ ಕಳೆದು, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗಶಂಕರ' ಬಾಗಿಲು ತೆರೆಯಿತು. ಅಲ್ಲಿ ನಾಟಕ ಹೇಳಿದ ಟೈಮಿಗೆ ಶುರು. ತಡವಾಗಿ ಬಂದರೆ ಯಾರೇ ಆಗಲಿ ಒಳಗೆ ಬಿಡಲ್ಲ. ವೇಗಕ್ಕೂ ಶಿಸ್ತಿಗೂ ಇರುವ ವ್ಯತ್ಯಾಸ ಆ ಬಾಗಿಲಲ್ಲಿ ಗೊತ್ತಾಗುತ್ತೆ. ಮುಗಿಸಲಾಗದೆ ಬಿಟ್ಟು ಹೋದ ಕೆಲಸವನ್ನು ಇನ್ನೊಬ್ಬರು ನಿಧಾನವಾಗಿ, ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಮುಗಿಸಿದ್ದು ಕೂಡ ಶಂಕರ್ ನಾಗ್ ಬದುಕಿನ ಭಾಗವೇ ಅಂತ ನಾವು ತಿಳಿದಿದ್ದೇವೆ.

ಅರಸಾಳಿನ ಹಳೆಯ ಸ್ಟೇಷನ್ ಕಟ್ಟಡ ಪಾಳು ಬೀಳುವ ಹಂತದಲ್ಲಿತ್ತು. ರೈಲ್ವೆ ಇಲಾಖೆ ಅದನ್ನು ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದೆ. ಆ ಕೆಲಸಕ್ಕೂ ಕೈಹಾಕಿದ್ದು ಅದೇ ಜಾನ್ ದೇವರಾಜ್. ಲೈನು ಬ್ರಾಡ್‌ಗೇಜ್ ಆಗಿದೆ, ತಾಳಗುಪ್ಪ ರೈಲು ದಿನಾ ಓಡುತ್ತೆ. ಸಾಗರದವರು ಊರಿಗೆ ಹೋಗುವಾಗ ಅರಸಾಳು ಬಂದಾಗ ಫೋನಿನಿಂದ ತಲೆ ಎತ್ತಿ ಕಿಟಕಿ ಕಡೆ ನೋಡಿ. ತೀರ್ಥಹಳ್ಳಿಯವರು ರಜೆಗೆ ಬರುವ ಗೆಳೆಯರನ್ನು ಆಗುಂಬೆಗೆ ಕರ್ಕೊಂಡು ಹೋದಾಗ ಸನ್‌ಸೆಟ್ ಮುಗಿದ ಕೂಡಲೇ ವಾಪಸ್ ಓಡಬೇಡಿ, ಹೆಂಚಿನ ಮನೆಗಳ ಆ ಬೀದಿಯಲ್ಲಿ ಒಂದು ಸುತ್ತು ನಡೆಯಿರಿ. ಅದಕ್ಕೂ ಮೊದಲು ಒಂದು ಶನಿವಾರ ರಾತ್ರಿ ಹಾಸ್ಟೆಲಿನ ಟಿವಿ ರೂಮಿನಲ್ಲಿ 'ಮಿಂಚಿನ ಓಟ' ಹಾಕೋಣ, ಮರುದಿನ ಸ್ವಾಮಿಯ ಎರಡು ಕಂತು. ಪ್ರೊಜೆಕ್ಟರ್ ವ್ಯವಸ್ಥೆ ಕನ್ನಡ ಸಂಘದ್ದು, ಮಂಡಕ್ಕಿ ನೀವು ತನ್ನಿ. ಹೇಳಿದ ಟೈಮಿಗೆ ಶುರು ಮಾಡ್ತೇವೆ.